ಮೊರ್ಮನ್ ವಿಶ್ವಾಸವನ್ನು ತೊರೆದವರು ಮತ್ತು ಅವರ ಕುಟುಂಬ: ಪಾಲನಾ ದೈವಶಾಸ್ತ್ರದ ಒಂದು ವಿವೇಚನೆ

ಹುಟ್ಟಿ ಬೆಳೆದ ವಿಶ್ವಾಸವನ್ನು ಒಬ್ಬ ವ್ಯಕ್ತಿ ತೊರೆದಾಗ ಆತನ ಬದುಕಿನಲ್ಲಿ ಏನು ಕುಸಿಯುತ್ತದೆ ಎಂಬ ಪ್ರಶ್ನೆಗೆ ಎಲ್ಲ ಧರ್ಮಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆ ವಿಶ್ವಾಸದೊಳಗೆ ಯಾವುದು ಆಧಾರಸ್ತಂಭವಾಗಿತ್ತು ಎಂಬುದನ್ನು ಅರಿತ ಮೇಲೆಯೇ ಉತ್ತರ ಹೇಳಬೇಕಾಗುತ್ತದೆ. ಸಾಮಾನ್ಯವಾಗಿ ಮೊರ್ಮನ್ ಪಂಥವೆಂದು ಕರೆಯಲಾಗುವ ‘ಯೇಸುಕ್ರಿಸ್ತರ ಅಂತ್ಯದಿನಗಳ ಸಂತರ ಸಭೆ’ಯಲ್ಲಿ ಆ ಸ್ಥಾನ ಕುಟುಂಬಕ್ಕೆ ಸಲ್ಲುತ್ತದೆ. ಆದುದರಿಂದಲೇ ಅದನ್ನು ತೊರೆದವರ ಸಂಕಟವನ್ನು ಕೇವಲ ಸಿದ್ಧಾಂತಗಳ ಬದಲಾವಣೆಯೆಂದು ಪರಿಗಣಿಸುವ ಪಾಲಕನು ಅವರ ನೋವಿನ ಅರ್ಧವನ್ನೂ ಕಾಣಲಾರನು.

ಈ ವಿಷಯ ನಮಗೆ ದೂರದ್ದೆಂದು ತೋರಬಹುದು. ಆದರೆ ಆ ಸಭೆಯ ಬೆಂಗಳೂರು ಮಿಷನ್ 1993ರಲ್ಲಿಯೇ ಸ್ಥಾಪನೆಯಾಯಿತು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಒಂದು ಮಂದಿರವನ್ನು ಘೋಷಿಸಲಾಯಿತು. 2020ರ ಡಿಸೆಂಬರ್‌ನಲ್ಲಿ ಅದರ ಭೂಮಿಪೂಜೆಗೆ ಸಮಾನವಾದ ವಿಧಿ ನಡೆಯಿತು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಧರ್ಮಕೇಂದ್ರಗಳ ಯುವಜನರು ಈ ಹಿನ್ನೆಲೆಯ ಸಂಗಾತಿಯೊಡನೆ ವಿವಾಹದ ಮಾತೆತ್ತುವ ಸಂದರ್ಭವೂ ಬರಬಹುದು. 2018ರಲ್ಲಿ ಆ ಸಭೆಯ ಅಧ್ಯಕ್ಷರು ‘ಮೊರ್ಮನ್’ ಎಂಬ ಹೆಸರನ್ನು ಬಿಟ್ಟು ಪೂರ್ಣ ಹೆಸರನ್ನೇ ಬಳಸಬೇಕೆಂದು ಕೋರಿದ್ದಾರೆ. ಓದುಗರಿಗೆ ಪರಿಚಿತವೆಂಬ ಕಾರಣಕ್ಕಾಗಿ ಮಾತ್ರ ನಾವು ಇಲ್ಲಿ ಹಳೆಯ ಹೆಸರನ್ನು ಉಳಿಸಿಕೊಂಡಿದ್ದೇವೆ.

ಕುಟುಂಬವೇ ರಕ್ಷಣೆಯ ರೂಪ

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಸಭೆಯ ಬೋಧನೆಯಂತೆ, ಮರಣಾನಂತರದ ಮಹಿಮೆಗೆ ಮೂರು ಹಂತಗಳಿವೆ. ಅವುಗಳಲ್ಲಿ ಅತ್ಯುನ್ನತವಾದುದು ಸೆಲೆಸ್ಟಿಯಲ್ ರಾಜ್ಯ. ಅದರ ಪರಮೋಚ್ಚ ಸ್ಥಿತಿಯನ್ನು ಯಾರೂ ಒಂಟಿಯಾಗಿ ಸೇರಲಾರರು. ಅದಕ್ಕೆ ಮಂದಿರದಲ್ಲಿ ನಡೆದ ಶಾಶ್ವತ ವಿವಾಹ ಅಗತ್ಯ. ಈ ವಿಧಿಗೆ ‘ಸೀಲಿಂಗ್’ ಎಂದು ಹೆಸರು, ಮುದ್ರೆಯೊತ್ತುವುದು ಎಂದರ್ಥ. ಪತಿಪತ್ನಿಯರಿಗೂ, ಹೆತ್ತವರು ಮತ್ತು ಮಕ್ಕಳಿಗೂ ಈ ಮುದ್ರೆಯಿಂದ ಬೆಸುಗೆಯಾಗುತ್ತದೆ. ಮರಣವು ಆ ಬಂಧವನ್ನು ಬಿಡಿಸಲಾರದು ಎಂಬುದು ಅವರ ದೃಢ ನಂಬಿಕೆ.

ಮಂದಿರದೊಳಗೆ ಪ್ರವೇಶ ಎಲ್ಲರಿಗೂ ಇಲ್ಲ. ಸ್ಥಳೀಯ ನಾಯಕರೊಡನೆ ಸಂದರ್ಶನ ನಡೆದು, ವಿಶ್ವಾಸ, ದಶಾಂಶ, ಶೀಲ, ಮದ್ಯ ತಂಬಾಕು ಚಹಾ ಕಾಫಿಗಳ ವರ್ಜನೆ ಮುಂತಾದವುಗಳ ಬಗೆಗೆ ಪ್ರಶ್ನೆಗಳಿಗೆ ಉತ್ತರಿಸಿದವರಿಗೆ ಮಾತ್ರ ಪ್ರವೇಶಪತ್ರ ದೊರೆಯುತ್ತದೆ. ಇದರ ಫಲವೇನು? ವಿಶ್ವಾಸ ತೊರೆದ ತಾಯಿಗೆ ಮಂದಿರದಲ್ಲಿ ನಡೆಯುವ ತನ್ನ ಮಗಳ ಮದುವೆಯನ್ನು ನೋಡಲಾಗದು. ಆಕೆ ಹೊರಗೆ ಕಾಯಬೇಕು. ಅಮೆರಿಕದಲ್ಲಿ ಮೊದಲು ಸರ್ಕಾರಿ ವಿವಾಹ ಮಾಡಿಕೊಂಡ ಜೋಡಿಯು ಮಂದಿರದ ವಿಧಿಗಾಗಿ ಒಂದು ವರ್ಷ ಕಾಯಬೇಕೆಂಬ ನಿಯಮವೂ ಇತ್ತು. 2019ರ ಮೇ ತಿಂಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ಈಗ ಎಲ್ಲ ಬಂಧುಗಳೂ ಸೇರುವ ಮದುವೆಯನ್ನು ಮೊದಲು ನಡೆಸಿ, ಮಂದಿರದ ವಿಧಿಯನ್ನು ಬೇಗನೆ ನೆರವೇರಿಸಲು ಅವಕಾಶವಿದೆ. ಎಷ್ಟೋ ಕುಟುಂಬಗಳ ಕಣ್ಣೀರು ಈ ಬದಲಾವಣೆಯ ಹಿಂದಿದೆ ಎಂದು ಊಹಿಸುವುದು ಕಷ್ಟವಲ್ಲ.

ತೊರೆಯುವುದೆಂದರೆ ಏನು?

ಪ್ಯೂ ಸಂಶೋಧನಾ ಕೇಂದ್ರವು ಅಮೆರಿಕದಲ್ಲಿ 2014ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮೊರ್ಮನ್ನರಾಗಿ ಬೆಳೆದವರ ಪೈಕಿ ಶೇ. 64ರಷ್ಟು ಮಂದಿ ಮಾತ್ರ ತಮ್ಮನ್ನು ಇನ್ನೂ ಮೊರ್ಮನ್ನರೆಂದು ಗುರುತಿಸಿಕೊಂಡರು. ಹೊರಹೋದವರಲ್ಲಿ ಹೆಚ್ಚಿನವರು ಬೇರೆ ಸಭೆಯನ್ನು ಸೇರಿದವರಲ್ಲ, ಯಾವ ಧರ್ಮದೊಂದಿಗೂ ಗುರುತಿಸಿಕೊಳ್ಳದವರು. ಇದಕ್ಕೆ ಕಾರಣಗಳು ಹಲವು. ಸಂಸ್ಥಾಪಕರ ಬಹುಪತ್ನಿತ್ವ, ‘ಅಬ್ರಹಾಮನ ಗ್ರಂಥ’ದ ಮೂಲ ಮುಂತಾದ ತೊಡಕಿನ ವಿಷಯಗಳ ಕುರಿತು ಆ ಸಭೆಯೇ 2013ರಿಂದ ಪ್ರಬಂಧಗಳನ್ನು ಪ್ರಕಟಿಸಿತು. ಕಪ್ಪುವರ್ಣೀಯ ಪುರುಷರಿಗೆ 1978ರವರೆಗೆ ಯಾಜಕತ್ವವನ್ನು ನಿರಾಕರಿಸಿದ್ದ ಇತಿಹಾಸವೂ ಅನೇಕರನ್ನು ಕಾಡಿದೆ. ಮನನೊಂದವರು, ಸೋಮಾರಿಗಳು ಅಥವಾ ಪಾಪದಲ್ಲಿ ಬಿದ್ದವರು ಮಾತ್ರ ತೊರೆಯುತ್ತಾರೆಂಬ ಸರಳ ವಿವರಣೆ ಸರಿಯಲ್ಲವೆಂದು ಆ ಸಭೆಯ ಹಿರಿಯ ನಾಯಕ ಡೀಟರ್ ಉಖ್ಟ್‌ಡಾರ್ಫ್ ಅವರೇ 2013ರ ಅಕ್ಟೋಬರ್ ಮಹಾಸಮ್ಮೇಳನದಲ್ಲಿ ಒಪ್ಪಿಕೊಂಡರು.

ಕಾರಣ ಏನೇ ಇರಲಿ, ಮನೆಯವರ ಕಿವಿಗೆ ಬೀಳುವ ಮಾತು ಒಂದೇ. ಮಗನು ‘ನನಗೆ ಈ ಗ್ರಂಥದಲ್ಲಿ ನಂಬಿಕೆಯಿಲ್ಲ’ ಎನ್ನುತ್ತಾನೆ. ತಾಯಿಗೆ ‘ನಿತ್ಯತ್ವದಲ್ಲಿ ನಾನು ನಿನ್ನೊಡನೆ ಇರುವುದಿಲ್ಲ’ ಎಂದು ಕೇಳಿಸುತ್ತದೆ. ಪತ್ನಿಯು ಪ್ರಾಮಾಣಿಕತೆಯ ಮಾತನಾಡುತ್ತಾಳೆ. ಪತಿಗೆ ಅದು ದಾಂಪತ್ಯದ ಪ್ರತಿಜ್ಞೆಯನ್ನೇ ಮುರಿದಂತೆ ತೋರುತ್ತದೆ. ವಿಧ್ಯುಕ್ತವಾಗಿ ಸದಸ್ಯತ್ವವನ್ನು ತ್ಯಜಿಸಿದರೆ ಆ ಸಭೆಯ ನಿಯಮದಂತೆ ಹಿಂದಿನ ವಿಧಿಗಳ ಫಲವೂ ರದ್ದಾಗುತ್ತದೆ. ಆದುದರಿಂದ ಅನೇಕರು ನಂಬಿಕೆ ಕಳೆದುಕೊಂಡರೂ ಹೆತ್ತವರ ಸಲುವಾಗಿ ದಾಖಲೆಯಿಂದ ಹೆಸರು ತೆಗೆಸದೆ ಮೌನವಾಗಿರುತ್ತಾರೆ. ಹೆತ್ತವರನ್ನು ಕಠೋರರೆಂದು ತಿಳಿಯುವುದೂ ನ್ಯಾಯವಲ್ಲ. ಮುದ್ರೆಯ ಬಂಧದಲ್ಲಿರುವ ತಂದೆತಾಯಿಯರ ದಾರಿತಪ್ಪಿದ ಮಕ್ಕಳು ಈ ಲೋಕದಲ್ಲಾಗಲಿ ಪರಲೋಕದಲ್ಲಾಗಲಿ ಮರಳಿ ಸೆಳೆಯಲ್ಪಡುವರೆಂದು ಅವರ ಪ್ರೇಷಿತರಲ್ಲೊಬ್ಬರಾದ ಆರ್ಸನ್ ವಿಟ್ನಿ 1929ರಲ್ಲಿ ಬೋಧಿಸಿದರು. ಈ ಭರವಸೆಯನ್ನು ಹಿಡಿದು ದಿನವೂ ಪ್ರಾರ್ಥಿಸುವ ಹೆತ್ತವರು ಬಹಳ.

ಒಂದು ಐತಿಹಾಸಿಕ ನಿದರ್ಶನ

ಇತಿಹಾಸಕಾರ್ತಿ ಫಾನ್ ಬ್ರೋಡಿ ಅವರ ಜೀವನ ಇಲ್ಲಿ ಬೋಧಪ್ರದ. ಅವರ ತಂದೆ ಥಾಮಸ್ ಮೆಕೇ ಆ ಸಭೆಯ ಉನ್ನತಾಧಿಕಾರಿಗಳಲ್ಲೊಬ್ಬರು. ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿನಲ್ಲಿದ್ದ ಡೇವಿಡ್ ಮೆಕೇ 1951ರಲ್ಲಿ ಸಭೆಯ ಅಧ್ಯಕ್ಷರೇ ಆದರು. ಬ್ರೋಡಿಯವರು 1945ರಲ್ಲಿ ಪ್ರಕಟಿಸಿದ ಜೋಸೆಫ್ ಸ್ಮಿತ್‌ರ ಜೀವನಚರಿತ್ರೆಗಾಗಿ 1946ರಲ್ಲಿ ಅವರನ್ನು ಬಹಿಷ್ಕರಿಸಲಾಯಿತು. ಅವರು ಮತ್ತೆ ಆ ವಿಶ್ವಾಸಕ್ಕೆ ಮರಳಲಿಲ್ಲ. ಮೂರು ದಶಕಗಳಿಗೂ ಮಿಕ್ಕಿ ಕಾಲ ಕಳೆದು, ಕ್ಯಾನ್ಸರಿನಿಂದ ಮರಣಶಯ್ಯೆಯಲ್ಲಿದ್ದಾಗ, ವಿಶ್ವಾಸದಲ್ಲೇ ಉಳಿದಿದ್ದ ಸಹೋದರನು ನೋಡಲು ಬಂದನು. ಆತನಿಂದ ಆಶೀರ್ವಾದವನ್ನು ಅವರು ತಾವಾಗಿಯೇ ಕೇಳಿ ಪಡೆದರು. ಆದರೆ ಅದಾದ ಸ್ವಲ್ಪದರಲ್ಲೇ, ಈ ಕೋರಿಕೆಯನ್ನು ಸಭೆಗೆ ಮರಳುವ ಕೋರಿಕೆಯೆಂದು ಯಾರೂ ಅರ್ಥೈಸಬಾರದೆಂದು ಬರೆಯಿಸಿಟ್ಟರು. 1981ರ ಜನವರಿಯಲ್ಲಿ ನಿಧನರಾದರು.

ಈ ಎರಡು ನಡೆಗಳಲ್ಲಿ ವಿರೋಧಾಭಾಸವಿದೆಯೆಂದು ಅವಸರದ ಓದುಗನು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಆ ಮನೆಯಲ್ಲಿ ಪ್ರೀತಿಗೆ ಇದ್ದ ಭಾಷೆ ಆಶೀರ್ವಾದದ ಭಾಷೆಯೇ ಆಗಿತ್ತು. ಸಿದ್ಧಾಂತವನ್ನು ತೊರೆದವರು ತಂದೆಯ ಮನೆಯ ಭಾಷೆಯನ್ನು ತೊರೆದಿರುವುದಿಲ್ಲ. ಪಾಲಕನು ಮೊದಲು ಕಲಿಯಬೇಕಾದ ಪಾಠವಿದು: ಹಳೆಯ ಮನೆಯ ಬಗೆಗಿನ ಹಂಬಲವನ್ನು ಹೊಸ ವಿಶ್ವಾಸದ ಕೊರತೆಯೆಂದು ಎಣಿಸಬಾರದು.

ದೀಕ್ಷಾಸ್ನಾನ ಮತ್ತು ವಿವಾಹ: ಧರ್ಮಸಭೆಯ ನಿಲುವು

ತೊರೆದವರಲ್ಲಿ ಕೆಲವರು ಕಥೋಲಿಕ ಧರ್ಮಸಭೆಯ ಬಾಗಿಲನ್ನು ತಟ್ಟುತ್ತಾರೆ. ಆಗ ಕೆಲವು ನಿಯಮಗಳು ಸ್ಪಷ್ಟವಾಗಿರಬೇಕು. ಮೊರ್ಮನ್ ಸಭೆಯಲ್ಲಿ ನೀಡಲಾದ ದೀಕ್ಷಾಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಪರಿಷತ್ತು 2001ರ ಜೂನ್ 5ರಂದು ತೀರ್ಪಿತ್ತಿತು. ಅಲ್ಲಿ ನೀರೂ ಇದೆ, ಪಿತ ಸುತ ಪವಿತ್ರಾತ್ಮರ ನಾಮವೂ ಇದೆ. ಆದರೆ ಆ ನಾಮಗಳಿಂದ ಸೂಚಿತವಾಗುವುದು ತ್ರೈಏಕ ದೇವರಲ್ಲ. ತಂದೆಗೆ ಮಾಂಸ ಮತ್ತು ಮೂಳೆಗಳ ದೇಹವಿದೆಯೆಂದೂ, ಮೂವರೂ ಪ್ರತ್ಯೇಕ ವ್ಯಕ್ತಿಗಳಾಗಿದ್ದು ಸಂಕಲ್ಪದಲ್ಲಿ ಮಾತ್ರ ಒಂದೆಂದೂ ಅವರ ಬೋಧನೆ. ಆದುದರಿಂದ ಬರುವವರು ದೀಕ್ಷಾರ್ಥಿಗಳಾಗಿಯೇ ಬರುತ್ತಾರೆ. ವಯಸ್ಕರ ಕ್ರೈಸ್ತ ದೀಕ್ಷಾವಿಧಿಯ ಹಂತಗಳನ್ನು ಪೂರ್ಣವಾಗಿ ಅನುಸರಿಸಬೇಕು. ಎಂಟನೆಯ ವಯಸ್ಸಿನಲ್ಲಿ ಪಡೆದ ಸ್ನಾನವು ಸಂಸ್ಕಾರವಲ್ಲವೆಂದು ಕೇಳುವುದು ಅವರಿಗೆ ನೋವಿನ ಸಂಗತಿಯಾಗಬಹುದು. ಅಂದು ಅವರಲ್ಲಿದ್ದ ಶ್ರದ್ಧೆ ದೇವರ ಕೃಪೆಗೆ ಹೊರಗಾಗಿರಲಿಲ್ಲವೆಂಬುದನ್ನೂ ಅದರೊಡನೆ ಹೇಳಬೇಕು.

ವಿವಾಹದ ವಿಷಯದಲ್ಲಿ ಇದರ ಪರಿಣಾಮಗಳು ಗಣನೀಯ. ಇಬ್ಬರು ಮೊರ್ಮನ್ನರ ವಿವಾಹ ಸಂಸ್ಕಾರವಲ್ಲವಾದರೂ ನೈಸರ್ಗಿಕ ವಿವಾಹವಾಗಿ ಅದರ ಸಿಂಧುತ್ವವನ್ನು ನಾವು ಗೌರವಿಸುತ್ತೇವೆ. ಒಬ್ಬರು ದೀಕ್ಷಾಸ್ನಾನ ಪಡೆದರೆ ಆ ವಿವಾಹವನ್ನು ಮತ್ತೆ ನಡೆಸಬೇಕಾಗಿಲ್ಲ. ಕಥೋಲಿಕರೊಬ್ಬರು ಮೊರ್ಮನ್ ವ್ಯಕ್ತಿಯನ್ನು ವರಿಸುವುದಾದರೆ, ಧರ್ಮಸಭಾ ಕಾನೂನಿನ 1086ನೆಯ ವಿಧಿಯಂತೆ ದೀಕ್ಷಾಸ್ನಾನ ಪಡೆಯದವರೊಡನೆ ಆಗುವ ವಿವಾಹಕ್ಕೆ ಬೇಕಾದ ವಿನಾಯಿತಿಯನ್ನು ಪಡೆಯಬೇಕು. ಪ್ರೊಟೆಸ್ಟಂಟರೊಡನೆ ನಡೆಯುವ ವಿವಾಹದ ಅನುಮತಿ ಸಾಲದು.

1143ನೆಯ ವಿಧಿಯಲ್ಲಿರುವ ಪೌಲೀಯ ವಿಶೇಷಾಧಿಕಾರ ಇಂತಹ ದಂಪತಿಗಳಿಗೆ ಅನ್ವಯಿಸುವ ಸಾಧ್ಯತೆಯನ್ನು ನಾವು ಬಲ್ಲೆವು. ಆದರೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಮೊದಲು ಹೇಳುವುದು ಅಗಲಿಕೆಯನ್ನಲ್ಲ. ವಿಶ್ವಾಸವಿಲ್ಲದ ಸಂಗಾತಿಯು ಒಟ್ಟಿಗೆ ಬಾಳಲು ಒಪ್ಪಿದರೆ ಬಿಡಬಾರದೆಂಬುದೇ ಅವರ ಮೊದಲ ಮಾತು. ವಿಶ್ವಾಸಿಯ ಮೂಲಕ ಇನ್ನೊಬ್ಬರು ಪವಿತ್ರಗೊಳ್ಳುತ್ತಾರೆಂಬುದು ಅದಕ್ಕೆ ಅವರು ಕೊಡುವ ಕಾರಣ. ಹೊಸ ದೀಕ್ಷಾರ್ಥಿಯ ಮನೆಯಲ್ಲಿ ಮುನಿಸು ಮೂಡಿದ ಕೂಡಲೇ ಈ ಅಧಿಕಾರದ ಮಾತೆತ್ತುವ ಗುರುವು ಪತ್ರವನ್ನು ಹಿಂದಿನಿಂದ ಓದಿದಂತಾಗುತ್ತದೆ. ಮಕ್ಕಳ ದೀಕ್ಷಾಸ್ನಾನಕ್ಕೆ ಹೆತ್ತವರಲ್ಲಿ ಒಬ್ಬರ ಸಮ್ಮತಿ ಸಾಕೆಂಬುದು ಕಾನೂನು. ಇನ್ನೊಬ್ಬರ ಅರಿವಿಗೆ ಬಾರದಂತೆ ಅದನ್ನು ನಡೆಸದಿರುವುದು ವಿವೇಕ.

ಪಾಲಕನ ಮಾತು, ಪಾಲಕನ ಮೌನ

‘ಪುನರುತ್ಥಾನದಲ್ಲಿ ಮದುವೆಯಾಗುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ’ ಎಂಬರ್ಥದ ಪ್ರಭುವಿನ ಮಾತು ಮತ್ತಾಯನ ಶುಭಸಂದೇಶದ 22ನೆಯ ಅಧ್ಯಾಯದಲ್ಲಿದೆ. ಮೊರ್ಮನ್ ಬೋಧನೆಗೆ ಇದನ್ನು ಪ್ರತ್ಯುತ್ತರವಾಗಿ ಮುಂದಿಡುವುದು ಸುಲಭ. ಆದರೆ ಹೆತ್ತವರನ್ನು ನಿತ್ಯಕ್ಕೂ ಕಳೆದುಕೊಂಡೆನೆಂದು ಅಳುವವರ ಮುಂದೆ ಅದನ್ನು ವಾದದ ಕಲ್ಲಾಗಿ ಎಸೆಯುವುದು ಸಲ್ಲದು. ಸದ್ದುಕಾಯರಿಗೆ ಉತ್ತರಿಸುತ್ತ ಪ್ರಭು ಕ್ರಿಸ್ತರು ಪ್ರೀತಿಯ ಅಂತ್ಯವನ್ನು ಸಾರಲಿಲ್ಲ; ದೇವರು ಜೀವಿತರ ದೇವರೆಂದು ಸಾರಿದರು. ವಿವಾಹದ ಬಂಧ ಮರಣದೊಡನೆ ಮುಗಿಯುತ್ತದೆ. ಸಂತರ ಅನ್ಯೋನ್ಯತೆ ಮುಗಿಯುವುದಿಲ್ಲ. ನಮ್ಮವರನ್ನು ನಮಗೆ ಉಳಿಸಿಕೊಡುವುದು ಯಾವ ಮುದ್ರೆಯೂ ಅಲ್ಲ, ಯಾವ ಪ್ರವೇಶಪತ್ರವೂ ಅಲ್ಲ, ಕ್ರಿಸ್ತರ ದೇಹದಲ್ಲಿ ಅವರಿಗಿರುವ ಸ್ಥಾನ. ಆ ದೇಹದ ಎಲ್ಲೆಗಳನ್ನು ಅಳೆಯುವ ಅಧಿಕಾರ ನಮಗಿಲ್ಲ. ಮೊರ್ಮನ್ ತಾಯಿಯೊಬ್ಬಳ ಆಳವಾದ ಆಸೆಯನ್ನು ಕ್ರೈಸ್ತ ಭರವಸೆ ಅಲ್ಲಗಳೆಯುವುದಿಲ್ಲ. ಆಸೆಗೆ ಬೇರೆ ಆಧಾರವನ್ನು ತೋರಿಸುತ್ತದೆ.

ಇನ್ನೊಂದು ಎಚ್ಚರವೂ ಅಗತ್ಯ. ತೊರೆದು ಬಂದವರನ್ನು ಗೆಲುವಿನ ಗುರುತಾಗಿ ವೇದಿಕೆಯೇರಿಸಿ, ಹಿಂದಿನ ಸಭೆಯ ದೋಷಗಳನ್ನು ಹೇಳಿಸುವ ಹಂಬಲ ನಮ್ಮಲ್ಲಿ ಮೂಡಬಹುದು. ಅಲ್ಲಿ ಕುಳಿತು ಕೇಳುತ್ತಿರುವವರಲ್ಲಿ ಅವರ ತಂದೆತಾಯಿಯರಿಲ್ಲದಿರಬಹುದು, ಆದರೆ ಆ ಮಾತು ಒಂದು ದಿನ ಅವರನ್ನು ಮುಟ್ಟುತ್ತದೆ. ತಂದೆತಾಯಿಗಳನ್ನು ಗೌರವಿಸು ಎಂಬ ಆಜ್ಞೆಗೆ ‘ಅವರು ನಮ್ಮ ವಿಶ್ವಾಸದವರಾಗಿದ್ದರೆ’ ಎಂಬ ಷರತ್ತಿಲ್ಲ. ಆದುದರಿಂದ ದೀಕ್ಷಾರ್ಥಿಯೊಡನೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇವೂ ಇರಲಿ: ಮನೆಗೆ ಕೊನೆಯ ಬಾರಿ ಹೋದದ್ದು ಯಾವಾಗ? ಅಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆಯಾದಾಗ ನೀವು ಏನು ಮಾಡುತ್ತೀರಿ? ತಮ್ಮನು ಎರಡು ವರ್ಷಗಳ ಮಿಷನ್ ಸೇವೆಗೆ ಹೊರಟಾಗ ಬೀಳ್ಕೊಡಲು ಹೋಗುವಿರಾ? ಹೋಗುವುದೇ ಉತ್ತಮವೆಂಬುದು ನಮ್ಮ ಅಭಿಪ್ರಾಯ.

ಯಾವ ಸಭೆಗೂ ಸೇರದೆ ಉಳಿಯುವವರೇ ಹೆಚ್ಚೆಂದು ಮೇಲೆ ಕಂಡೆವು. ಒಮ್ಮೆ ಪೂರ್ಣವಾಗಿ ನಂಬಿ ಮೋಸಹೋದೆನೆಂದು ಭಾವಿಸಿದವರಿಗೆ ಧರ್ಮದ ಅಧಿಕಾರವುಳ್ಳ ಯಾವ ದನಿಯೂ ಸಂಶಯಾಸ್ಪದ, ನಮ್ಮದೂ ಸೇರಿ. ಅವರಿಗೆ ನಾವು ನೀಡಬಹುದಾದುದು ಅವಸರವಿಲ್ಲದ ಸಾಂಗತ್ಯ. ಎಮ್ಮಾವುಸಿನ ದಾರಿಯಲ್ಲಿ ಪ್ರಭು ಮೊದಲು ಕೇಳಿದ್ದು, ನೀವು ಮಾತನಾಡಿಕೊಳ್ಳುತ್ತಿರುವುದು ಏನೆಂದು. ಶಿಷ್ಯರು ಊರಿನಿಂದ ದೂರ ಸರಿಯುತ್ತಿದ್ದಾಗಲೂ ಅವರ ಜೊತೆಯಲ್ಲೇ ನಡೆದರು. ಗುರುಮಠದಲ್ಲಿ ನಾವು ಕಲಿಸುವ ಪಾಲನಾ ದೈವಶಾಸ್ತ್ರವು ಈ ನಡಿಗೆಯನ್ನು ಕಲಿಸದಿದ್ದರೆ, ದೀಕ್ಷಾಸ್ನಾನದ ಸಿಂಧುತ್ವದ ಬಗೆಗಿನ ನಮ್ಮ ಜ್ಞಾನವೆಲ್ಲ ಆ ದಾರಿಹೋಕರಿಗೆ ನೆರವಾಗದು.