ಹಗ್ಗ ತಟ್ಟನೆ ಬಿಟ್ಟರೆ

ಕಿಣ್ವಗಳ ಪಾಠದಲ್ಲಿ ಬೀಗ–ಕೀಲಿ ಚಿತ್ರ ಬಿಡಿಸಿದ್ದೀರಲ್ಲ? ಅದೇ ಚಿತ್ರವನ್ನು ಇವತ್ತು ಮೆದುಳಿಗೆ ತಗೊಂಡು ಹೋಗೋಣ.

ನಮ್ಮ ನರಕೋಶಗಳ ಮೇಲೆ ಓಪಿಯಾಯ್ಡ್ ಗ್ರಾಹಕಗಳೆಂಬ ಬೀಗಗಳಿವೆ. ದೇಹವೇ ತಯಾರಿಸುವ ಎಂಡಾರ್ಫಿನ್ ಅವುಗಳ ಸ್ವಂತ ಕೀಲಿ. ಪೆಟ್ಟು ಬಿದ್ದಾಗ ನೋವು ತಗ್ಗಿಸುತ್ತದೆ. ಗಸಗಸೆಯ ಹಸಿ ಕಾಯಿ ಗೀರಿದಾಗ ಒಸರುವ ಹಾಲಿನಲ್ಲಿರುವ ಮಾರ್ಫಿನ್ನೂ ಈ ಬೀಗಕ್ಕೆ ಹೊಂದುತ್ತದೆ. (ಗಾಬರಿ ಬೇಡ, ಪಾಯಸಕ್ಕೆ ಹಾಕೋದು ಬೀಜ, ಹಾಲಲ್ಲ.) ಹೆರಾಯಿನ್, ನೋವಿನ ಮಾತ್ರೆ ಟ್ರಮಡಾಲ್ ಇದೇ ಗುಂಪಿನವು.

ದಿನವೂ ಹೊರಗಿನ ಕೀಲಿ ತಿರುಗುತ್ತಿದ್ದರೆ ನರಕೋಶ ಸುಮ್ಮನಿರುವುದಿಲ್ಲ. ಎದುರು ದಿಕ್ಕಿಗೆ ಜಗ್ಗಲು ಕಲಿಯುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ತಟ್ಟನೆ ಹಗ್ಗ ಬಿಟ್ಟರೆ ನೀವು ಹಿಂದಕ್ಕೆ ಬೀಳ್ತೀರಲ್ಲ, ಇಲ್ಲಾಗೋದೂ ಅದೇ. ಬೆವರು, ಆಕಳಿಕೆ, ಮೂಗು ಸೋರುವುದು, ಮೈಕೈ ನೋವು, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. "ಕೋಣೇಲಿ ಕೂಡಿಹಾಕಿ, ನಾಲ್ಕು ದಿನದಲ್ಲಿ ಬಿಡ್ತಾನೆ" ಅನ್ನುವವರು ಇದನ್ನು ಮನಸ್ಸಿನ ದೌರ್ಬಲ್ಯ ಅಂದುಕೊಳ್ತಾರೆ. ಅಲ್ಲ, ಇದು ಜೀವಕೋಶದ ಲೆಕ್ಕ. ಇದಕ್ಕಿಂತ ದೊಡ್ಡ ಅಪಾಯ ಆಮೇಲಿನದು: ಕೆಲವು ದಿನ ಬಿಟ್ಟ ದೇಹ ಹಳೆಯ ಸಹನಶಕ್ತಿ ಕಳೆದುಕೊಂಡಿರುತ್ತದೆ. ಮತ್ತೆ ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಆದ್ದರಿಂದ ವೈದ್ಯರು ಹಗ್ಗವನ್ನು ಮೆಲ್ಲಗೆ ಸಡಿಲಿಸುತ್ತಾರೆ. ಮೆಥಡೋನ್ ಅದೇ ಬೀಗಕ್ಕೆ ಹೊಂದುವ, ದೇಹದಲ್ಲಿ ಬಹಳ ಹೊತ್ತು ಉಳಿಯುವ ಔಷಧ. ಬ್ಯುಪ್ರೆನಾರ್ಫಿನ್ ಇನ್ನೂ ಸೋಜಿಗದ್ದು. ಬೀಗದಲ್ಲಿ ಗಟ್ಟಿಯಾಗಿ ಕೂರುತ್ತದೆ, ಆದರೆ ಅರ್ಧ ಮಾತ್ರ ತಿರುಗುತ್ತದೆ. ಯಾತನೆ ತಡೆಯಲು ಅಷ್ಟು ಸಾಕು. ಒಂದು ಮಿತಿ ದಾಟಿದ ಮೇಲೆ ಪ್ರಮಾಣ ಹೆಚ್ಚಿಸಿದರೂ ಅದರ ಪರಿಣಾಮ ಹೆಚ್ಚು ಏರುವುದಿಲ್ಲ. ನುಂಗಿದರೆ ಯಕೃತ್ತು ಬಹುಪಾಲು ಒಡೆದುಹಾಕುವುದರಿಂದ ಇದನ್ನು ನಾಲಗೆಯಡಿ ಇಟ್ಟು ಕರಗಿಸುತ್ತಾರೆ. ಮೊದಲ ಮಾತ್ರೆಗೂ ಹೊತ್ತು ನೋಡಬೇಕು: ಹಳೆಯ ಮಾದಕವಸ್ತು ಬೀಗದಲ್ಲಿ ಇನ್ನೂ ಕೂತಿರುವಾಗಲೇ ಕೊಟ್ಟರೆ, ಇದು ಅದನ್ನು ಹೊರದಬ್ಬಿ, ತಪ್ಪಿಸಬೇಕಾದ ಯಾತನೆಯನ್ನೇ ತರುತ್ತದೆ. ಪಂಜಾಬಿನ ಸರ್ಕಾರಿ ಚಿಕಿತ್ಸಾಲಯಗಳಲ್ಲಿ 2017ರಿಂದ ಈ ಔಷಧವನ್ನು ವೈದ್ಯರ ಉಸ್ತುವಾರಿಯಲ್ಲಿ ಕೊಡುತ್ತಿದ್ದಾರೆ.

"ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂಗಾಯ್ತಲ್ಲ ಸಾರ್?" ಅಂತ ಕೇಳ್ತೀರಿ. ಒಳ್ಳೆಯ ಪ್ರಶ್ನೆ. ಸರಿಯಾದ ಪ್ರಮಾಣದಲ್ಲಿರುವ ವ್ಯಕ್ತಿಗೆ ನಶೆಯ ಏರಿಳಿತವಿಲ್ಲ. ನಿದ್ದೆ ಮಾಡ್ತಾನೆ, ಕೆಲಸಕ್ಕೆ ಹೋಗ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಈ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಡೆಯುತ್ತದೆ. ಕಡಿಮೆ ಮಾಡುವುದಾದರೂ ಸ್ವಲ್ಪಸ್ವಲ್ಪವಾಗಿ, ವೈದ್ಯರು ಹೇಳಿದಂತೆಯೇ.

ಮನೇಲಿ ಅಜ್ಜನಿಗೆ ಆಪರೇಶನ್ ಆದಮೇಲೆ ಟ್ರಮಡಾಲ್ ವಾರಗಟ್ಟಲೆ ನಡೆದಿದ್ದರೂ ಇದೇ ಮಾತು: ನಿಲ್ಲಿಸುವ ಮುಂಚೆ ಡಾಕ್ಟರನ್ನು ಕೇಳಿ. ಯಾರಾದರೂ ಚಟದಲ್ಲಿ ಸಿಕ್ಕಿದ್ದರೆ 14446ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ನೀವು ಗಡಿಯ ಯಾವ ರಾಜ್ಯದಲ್ಲಿದ್ದರೂ ಇದೇ ಸಂಖ್ಯೆ.