ಮಧ್ಯಯುಗದ ರೈತ ಬಾಯಿಲ್ಲದವನೇ?

ಊಳಿಗಮಾನ್ಯ ಪದ್ಧತಿ ಎಂದೊಡನೆ ಪಠ್ಯಪುಸ್ತಕದ ಪಿರಮಿಡ್ ನೆನಪಾಗುತ್ತದೆ: ತುದಿಯಲ್ಲಿ ದೊರೆ, ನಡುವೆ ನೈಟ್‌ಗಳು, ತಳದಲ್ಲಿ ಬಾಯಿಲ್ಲದ ರೈತ. ಇಂಗ್ಲೆಂಡಿನ ಹಳೆಯ ಕಡತಗಳಲ್ಲಿ ಸಿಗುವ ರೈತ ಬೇರೆಯೇ.

ತಪ್ಪು ಕಲ್ಪನೆ: ರೈತರೆಲ್ಲ ಗುಲಾಮರು.
ವಾಸ್ತವ: 1086ರ ಡೂಮ್ಸ್‌ಡೇ ಸಮೀಕ್ಷೆಯಲ್ಲಿ ಗುಲಾಮರೆಂದು ದಾಖಲಾದವರು ಸುಮಾರು ಹತ್ತರಲ್ಲಿ ಒಬ್ಬರು. ಉಳಿದವರಲ್ಲಿ ಸ್ವತಂತ್ರ ಹಿಡುವಳಿದಾರರಿದ್ದರು, ತುಂಡು ನೆಲದ ಬಡವರಿದ್ದರು. ಹೆಚ್ಚಿನವರು ಒಡೆಯನಿಗೆ ಕಟ್ಟುಬಿದ್ದ ಒಕ್ಕಲುಗಳು. ಇವರಿಗೆ ಪಾಲಿನ ಹೊಲವಿತ್ತು, ಅದು ಮಕ್ಕಳಿಗೂ ದಕ್ಕುತ್ತಿತ್ತು. ಆದರೆ ಅನೇಕ ಕಡೆ ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಮೆ, ಮಗಳ ಮದುವೆಗೂ ಕಾಣಿಕೆ. ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ಒಡೆಯನ ಪಾಲು. ಹೆಣದ ಮುಂದೆ ಅಳುತ್ತಿರುವ ಮನೆಯಿಂದ ಕರೆಯುವ ಹಸುವನ್ನು ಹೊಡೆದುಕೊಂಡು ಹೋಗುವ ಈ ಪದ್ಧತಿ ಗುಲಾಮಗಿರಿಯಲ್ಲದಿದ್ದರೂ ಕ್ರೌರ್ಯವೇ.

ತಪ್ಪು ಕಲ್ಪನೆ: ಮೂವತ್ತಕ್ಕೇ ಮುದುಕರಾಗುತ್ತಿದ್ದರು.
ವಾಸ್ತವ: ಶಿಶುಮರಣ ವಿಪರೀತವಾಗಿದ್ದರಿಂದ ಸರಾಸರಿ ಆಯಸ್ಸು ಕುಸಿದಿತ್ತು. ಬಾಲ್ಯ ದಾಟಿದವರಲ್ಲಿ ಐವತ್ತು, ಅರವತ್ತು ಕಂಡವರು ಅಪರೂಪವಲ್ಲ.

ತಪ್ಪು ಕಲ್ಪನೆ: ಕಾನೂನು, ಕಾಗದಪತ್ರ ಇವರಿಗೆ ದೂರ.
ವಾಸ್ತವ: ಪ್ರತಿ ಮೇನರ್‌ಗೂ, ಅಂದರೆ ಒಡೆಯನ ಜಹಗೀರಿಗೂ, ನ್ಯಾಯಾಲಯವಿತ್ತು, ಪಂಚರಾಗಿ ಕೂರುತ್ತಿದ್ದವರು ರೈತರೇ. ಬೆಳೆ ಮೇಯ್ದ ದನ, ಒತ್ತುವರಿಯಾದ ಬದು, ತೀರದ ಸಾಲ, ಎಲ್ಲವೂ ಲ್ಯಾಟಿನ್ ಭಾಷೆಯಲ್ಲಿ ಚರ್ಮದ ಸುರುಳಿಗಳಿಗೆ ಏರುತ್ತಿತ್ತು. ಓದು ಬಾರದವನೂ ತನ್ನ ಹಕ್ಕಿಗಾಗಿ ಹಳೆಯ ಸುರುಳಿ ತೆಗೆಸಿ ನೋಡಿ ಎನ್ನಬಲ್ಲವನಾಗಿದ್ದ.

ತಪ್ಪು ಕಲ್ಪನೆ: 1381ರ ರೈತ ದಂಗೆ ಹಸಿದವರ ಕುರುಡು ರೊಚ್ಚು.
ವಾಸ್ತವ: 1348–49ರ ಪ್ಲೇಗ್ ಜನಸಂಖ್ಯೆಯ ಮೂರನೇ ಒಂದರಿಂದ ಅರ್ಧದಷ್ಟನ್ನು ನುಂಗಿತು. ಆಳುಗಳಿಗೆ ಬೇಡಿಕೆ ಬಂತು, ಕೂಲಿ ಏರಿತು. 1351ರ ಕಾನೂನು ಕೂಲಿಯನ್ನು ಹಳೆಯ ದರಕ್ಕೇ ಕಟ್ಟಿಹಾಕಲು ನೋಡಿತು. ಮೇಲೆ ತಲೆಗಂದಾಯ. ಎಸೆಕ್ಸ್, ಕೆಂಟ್‌ಗಳಲ್ಲಿ ಎದ್ದವರು ಹಲವು ಕಡೆ ಸುಟ್ಟದ್ದು ಮೇನರ್‌ನ ಸುರುಳಿಗಳನ್ನು. ತಮ್ಮ ಬಂಧನ ಬರೆದಿಟ್ಟದ್ದು ಎಲ್ಲಿ ಎಂಬುದು ಅವರಿಗೆ ಗೊತ್ತಿತ್ತು. ಬೇಡಿಕೆಯೂ ಸ್ಪಷ್ಟ: ಜೀತ ರದ್ದಾಗಬೇಕು, ಎಕರೆಗೆ ನಾಲ್ಕು ಪೆನ್ನಿಯಷ್ಟೇ ಗೇಣಿ. ಹದಿನಾಲ್ಕರ ದೊರೆ ಎರಡನೆಯ ರಿಚರ್ಡ್ ಒಪ್ಪಿದ. ಮರುದಿನವೇ ಮುಂದಾಳು ವಾಟ್ ಟೈಲರ್‌ನ ಕೊಲೆಯಾಯಿತು. ಮುಂದಿನ ತಿಂಗಳು ಮಾತೂ ಮುರಿದುಬಿತ್ತು.

ಜೀತ ರದ್ದುಪಡಿಸುವ ಕಾನೂನು ಅಲ್ಲಿ ಬರಲೇ ಇಲ್ಲ. ಒಕ್ಕಲು ಸಿಗದ ಒಡೆಯರು ಒಂದೊಂದಾಗಿ ಪಟ್ಟು ಸಡಿಲಿಸಿದರು. 1574ರಲ್ಲಿ ರಾಣಿ ಎಲಿಜಬೆತ್ ತನ್ನ ಕೆಲವು ಜಮೀನುಗಳಲ್ಲಿ ಉಳಿದಿದ್ದ ಜೀತದವರ ಬಿಡುಗಡೆಗೆ ಅಪ್ಪಣೆ ಕೊಟ್ಟಳು, ಅದೂ ಹಣ ಕಟ್ಟಿಸಿಕೊಂಡು.