ನಲವತ್ತೈದು ರೂಪಾಯಿಯ ತಕರಾರು

ಹಾಲ್‌ಮಾರ್ಕ್ ಬಂದ ಮೇಲೆ ಬಂಗಾರ ತುಟ್ಟಿಯಾಯಿತು ಎಂಬ ಮಾತಿಗೆ ಹಳೇ ಹುಬ್ಬಳ್ಳಿಯಲ್ಲಿ ಸಾವಿಲ್ಲ. ಇಂಡಿ ಪಂಪ್ ಕಡೆಯ ಚಹಾದಂಗಡಿಯಲ್ಲಿ ಕೇಳಿ, ಮದುವೆ ಜವಳಿ ತರಲು ಹೊರಟವರನ್ನು ಕೇಳಿ, ಒಂದೇ ರಾಗ: "ಸರಕಾರಕ್ಕ ರೊಕ್ಕಾ ಬೇಕ್ರಿ, ಅದಕ್ಕ ಮುದ್ರಿ ಹೊಡಿಯೂದು ಸುರು ಮಾಡ್ಯಾರ. ನಮ್ಮ ಪತ್ತಾರ ಅಜ್ಜನ ಕಾಲದಿಂದ ಮಾಡಿ ಕೊಡ್ತಾನ. ಅವನ ಮಾತಿಗಿಂತ ದೊಡ್ಡ ಮುದ್ರಿ ಯಾವುದ್ರಿ?"

ಆ ಮುದ್ರೆಗೆ ಎಷ್ಟು ರೊಕ್ಕ ಎಂದು ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡುತ್ತಾರೆ. ಬಂಗಾರದ ಒಡವೆಯೊಂದಕ್ಕೆ 45 ರೂಪಾಯಿ. 2022ರ ಮಾರ್ಚ್‌ಗೆ ಮುಂಚೆ 35 ಇತ್ತು. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 53 ರೂಪಾಯಿ 10 ಪೈಸೆ. ಐದು ಗ್ರಾಂ ಉಂಗುರಕ್ಕೂ ಅಷ್ಟೇ, ಐವತ್ತು ಗ್ರಾಂ ಸರಕ್ಕೂ ಅಷ್ಟೇ. ಬಂಗಾರದ ದರ ಏರಿಳಿಯುವುದು ಹೊರದೇಶದ ಪೇಟೆ, ಡಾಲರ್ ಬೆಲೆ, ಆಮದು ಸುಂಕ ಇವುಗಳಿಂದ. ಅದೇ ಬಿಲ್ಲಿನಲ್ಲಿ ಮಜೂರಿ, ವೇಸ್ಟೇಜ್ ಎಂದು ಸಾವಿರಗಟ್ಟಲೆ ಬರೆದಿರುತ್ತಾರೆ. ಅದಕ್ಕೆ ಚಕಾರ ಎತ್ತದವರು ಈ ಐವತ್ಮೂರು ರೂಪಾಯಿ ಕಂಡ ಕೂಡಲೇ ಅರ್ಥಶಾಸ್ತ್ರಜ್ಞರಾಗುತ್ತಾರೆ.

ಈಗ ಇನ್ನೊಂದು ಬದಿಯ ಲೆಕ್ಕ. 22 ಕ್ಯಾರೆಟ್ ಎಂದರೆ ಸಾವಿರ ಪಾಲಿನಲ್ಲಿ 916 ಪಾಲು ಅಪ್ಪಟ ಬಂಗಾರ, 18 ಕ್ಯಾರೆಟ್ ಎಂದರೆ 750. ಇಪ್ಪತ್ತೆರಡು ಎಂದು ಹೇಳಿ ಹದಿನೆಂಟರದ್ದು ಕೊಟ್ಟರೆ ಹತ್ತು ಗ್ರಾಂ ಒಡವೆಯಲ್ಲಿ 1.66 ಗ್ರಾಂ ಅಪ್ಪಟ ಬಂಗಾರ ಮಾಯ. ಇವತ್ತಿನ ದರಕ್ಕೆ ಅದನ್ನು ಗುಣಿಸಿ ನೋಡಿ, ಆಮೇಲೆ ಐವತ್ಮೂರು ರೂಪಾಯಿಯ ಮಾತಾಡೋಣ.

ಪತ್ತಾರರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕ ಪತ್ತಾರನಿಗೂ ತನ್ನ ಕೈಯಲ್ಲಿರುವ ಲೋಹ ನಿಖರವಾಗಿ ಎಷ್ಟು ಶುದ್ಧ ಎಂಬುದು ಗೊತ್ತಿರುವುದಿಲ್ಲ. ನೀವು ಕೊಟ್ಟ ಹಳೆಯ ಜುಮಕಿ, ಇನ್ನೊಬ್ಬರು ಕೊಟ್ಟ ಮುರಿದ ಸರ ಎಲ್ಲ ಕರಗಿ ಒಂದಾಗಿರುತ್ತವೆ. ಒರೆಗಲ್ಲು ಅಂದಾಜು ಹೇಳುತ್ತದೆ, ಅಷ್ಟೇ. ಜತೆಗೆ ಬೆಸುಗೆ. ಬೆಸುಗೆಯ ಲೋಹ ಒಡವೆಗಿಂತ ಮೊದಲು ಕರಗಬೇಕು, ಇಲ್ಲದಿದ್ದರೆ ಒಡವೆಯೇ ಕರಗಿ ಹೋಗುತ್ತದೆ. ಅದಕ್ಕೇ ಹಿಂದಿನವರು ಬಂಗಾರಕ್ಕೆ ಧಾರಾಳವಾಗಿ ತಾಮ್ರ ಬೆರೆಸಿ ಬೆಸುಗೆ ಮಾಡುತ್ತಿದ್ದರು. ಕುಸುರಿ ಹೆಚ್ಚಾದಷ್ಟೂ ಬೆಸುಗೆ ಹೆಚ್ಚು, ಕರಗಿಸಿದಾಗ ಶುದ್ಧತೆ ಕಡಿಮೆ. ಅಜ್ಜಿಯ ಒಡವೆ ಮಾರಲು ಹೋದಾಗ "ಇದರಾಗ ಕಳೀ ಬಾಳ ಐತ್ರಿ" ಎಂದು ಅಂಗಡಿಯವರು ತೂಕ ಮುರಿಯುವುದು ಇದೇ ಕಾರಣಕ್ಕೆ. ಮೂರು ತಲೆಮಾರಿನ ನಂಬಿಕೆಯ ಬೆಲೆ ಆ ಹೊತ್ತಿಗೆ ಗೊತ್ತಾಗುತ್ತದೆ, ಆದರೂ ಬೈಗುಳ ಮಾತ್ರ ಸರ್ಕಾರಕ್ಕೆ.

ಕೆಡಿಎಂ ಎಂಬುದೊಂದಿದೆ. "ನಮ್ದು ಕೆಡಿಎಂ ಬಂಗಾರ, ಹಾಲ್‌ಮಾರ್ಕ್ ಯಾಕ?" ಎಂದು ಹೆಮ್ಮೆಯಿಂದ ಹೇಳುವವರು ಈಗಲೂ ಇದ್ದಾರೆ. ಅದು ಶುದ್ಧತೆಯ ದರ್ಜೆಯಲ್ಲ, ಬೆಸುಗೆಯ ಬಗೆ. ತಾಮ್ರದ ಬದಲು 92 ಪಾಲು ಬಂಗಾರಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದರೆ ಬೆಸುಗೆಯೂ ಹೆಚ್ಚುಕಡಿಮೆ 22 ಕ್ಯಾರೆಟ್ ಆಗುತ್ತದೆ, ಗಿರಾಕಿಗೆ ಲಾಭ. ಆದರೆ ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಬಂಗಾರ ಕರಗುವುದು 1064ಕ್ಕೆ. ಕುಲುಮೆಯ ಮುಂದೆ ಕೂತವನು ಆ ಹೊಗೆಯನ್ನು ಕುಡಿಯುತ್ತಾನೆ. ಹಾಳಾಗುವುದು ಅವನ ಶ್ವಾಸಕೋಶ, ಮೂತ್ರಪಿಂಡ. ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊ, ಹಾಲ್‌ಮಾರ್ಕ್ ಒಡವೆಗಳಲ್ಲಿ ಕ್ಯಾಡ್ಮಿಯಂ ಇರಕೂಡದು ಎಂದಿತು. ಪತ್ತಾರನ ಮೇಲೆ ಅಷ್ಟು ಪ್ರೀತಿ ಇದ್ದವರು ಇದೊಂದಕ್ಕಾದರೂ ಆ ಕಚೇರಿಯನ್ನು ನೆನೆಯಬಹುದಿತ್ತು.

45 ರೂಪಾಯಿ ದಿಲ್ಲಿಗೆ ಹೋಗಿ ಖಜಾನೆ ಸೇರುತ್ತದೆ ಎನ್ನುವವರಿಗೆ: ಅದನ್ನು ವಸೂಲು ಮಾಡುವುದು ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರ, ಇವು ಬಹುತೇಕ ಖಾಸಗಿಯವರವು. ಅಲ್ಲಿ ಮೊದಲು ಎಕ್ಸ್‌ರೇ ಯಂತ್ರದಲ್ಲಿ ಒಡವೆಗಳ ತಪಾಸಣೆ. ಆಮೇಲೆ ಲಾಟ್‌ನಿಂದ ಮಾದರಿ ಕೆರೆದು ತೆಗೆದು, ಬೆಳ್ಳಿಯ ಜತೆ ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗೆ ಹಾಕುತ್ತಾರೆ. ಸೀಸವು ತಾಮ್ರವನ್ನೆಲ್ಲ ಎಳೆದುಕೊಂಡು ಬಟ್ಟಲಿನೊಳಗೆ ಇಂಗಿಹೋಗುತ್ತದೆ, ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸುತ್ತದೆ, ಕೊನೆಗೆ ಉಳಿದ ಅಪ್ಪಟ ಬಂಗಾರವನ್ನು ತೂಗುತ್ತಾರೆ. ಪಾಸಾದರೆ ಲೇಸರ್‌ನಿಂದ ಮೂರು ಗುರುತು: ಬಿಐಎಸ್ ಚಿಹ್ನೆ, ಶುದ್ಧತೆ, ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ. 2000ದಿಂದ ಬೇಕಾದವರು ಮಾಡಿಸಿಕೊಳ್ಳಬಹುದಿತ್ತು. 2021ರ ಜೂನ್ 23ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಆ ಆರು ಅಕ್ಷರಗಳನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಒತ್ತಿದರೆ ಒಡವೆಯ ಜಾತಕ ಬರುತ್ತದೆ. ಬರದಿದ್ದರೆ ಅಂಗಡಿಯಿಂದ ಎದ್ದು ಬನ್ನಿ.

ಗುರುತು ಹಾಕಿದ ಒಡವೆಯಲ್ಲೂ ಶುದ್ಧತೆ ಕಡಿಮೆ ಬಂದರೆ? 2018ರ ಬಿಐಎಸ್ ನಿಯಮಗಳ ಪ್ರಕಾರ, ಎಷ್ಟು ಕಡಿಮೆ ಬಿದ್ದಿದೆಯೋ ಅದರ ಮೊತ್ತದ ಎರಡು ಪಟ್ಟು ಪರಿಹಾರ, ಮೇಲೆ ಪರೀಕ್ಷೆಯ ಖರ್ಚು. ಇದಕ್ಕೆ ಬಿಲ್ಲು ಬೇಕು. ನಮ್ಮವರು ಶೇ 3 ಜಿಎಸ್‌ಟಿ ಉಳಿಸಲೆಂದು ಕಚ್ಚಾ ಚೀಟಿ ಇಸಿದುಕೊಂಡು ಅದನ್ನೇ ದೊಡ್ಡ ಜಾಣತನ ಎಂದುಕೊಂಡು ಬರುತ್ತಾರೆ. ನಾಳೆ ದೂರು ಕೊಡಲು ಹೋದರೆ ಕೈಯಲ್ಲಿರುವುದು ಪೆನ್ಸಿಲ್‌ನಲ್ಲಿ ಗೀಚಿದ ತೂಕ. ಇದು ಯಾರ ತಪ್ಪು?

ಹಾಲ್‌ಮಾರ್ಕ್ ವ್ಯವಸ್ಥೆಯನ್ನು ಬೈಯಲೇಬೇಕೆಂದಿದ್ದರೆ ಬೈಯಲು ಜಾಗವಿದೆ, ಆದರೆ ಅದು ಯಾರ ಬಾಯಲ್ಲೂ ಬರುವುದಿಲ್ಲ. ಪರೀಕ್ಷಾ ಕೇಂದ್ರಕ್ಕೆ ಒಂದು ಸಲ ಮಾಲು ಒಯ್ದರೆ ಕನಿಷ್ಠ 200 ರೂಪಾಯಿ ಮತ್ತು ತೆರಿಗೆ. ದೊಡ್ಡ ಶೋರೂಮು ನೂರು ಸರ ಒಟ್ಟಿಗೆ ಕಳಿಸಿದರೆ ಆ ಕನಿಷ್ಠ ಲೆಕ್ಕಕ್ಕೇ ಬಾರದು. ಗಲ್ಲಿಯ ಪತ್ತಾರ ಒಂದೇ ಉಂಗುರ ಒಯ್ದರೆ 45ರ ಕೆಲಸಕ್ಕೆ ಇನ್ನೂರು, ಜತೆಗೆ ಅರ್ಧ ದಿನದ ದುಡಿಮೆ ಹೋಯಿತು. ವರ್ಷದ ವಹಿವಾಟು 40 ಲಕ್ಷ ರೂಪಾಯಿಯೊಳಗಿದ್ದವರಿಗೆ ಕಡ್ಡಾಯದಿಂದ ವಿನಾಯಿತಿ ಇದೆ, ನಿಜ. ಆದರೆ ವಿನಾಯಿತಿ ಪಡೆದವನ ಒಡವೆಗೆ ಗುರುತಿಲ್ಲ, ಗುರುತಿಲ್ಲದ್ದಕ್ಕೆ ಗಿರಾಕಿ ಇಲ್ಲ. ಮೆಲ್ಲಗೆ ಅವನು ಶೋರೂಮಿಗೆ ಕೆಲಸ ಮಾಡಿಕೊಡುವವನಾಗುತ್ತಾನೆ. ಮಾನಕದ ಖರ್ಚು ಎಲ್ಲರಿಗೂ ಒಂದೇ ಮೊತ್ತವಾದರೂ ಎಲ್ಲರಿಗೂ ಒಂದೇ ಭಾರವಲ್ಲ. ಪತ್ತಾರನ ಹೆಸರು ಹೇಳಿ ವಾದ ಮಾಡುವವರು ಈ ವಾದ ಮಾಡಲಿ, ನಾನೂ ಜತೆಗೆ ನಿಲ್ಲುತ್ತೇನೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸೋಣ. ಗುರುತಿಲ್ಲದ ಹಳೆಯ ಒಡವೆ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ, ಮಾರಲೂಬಹುದು. ಕಡ್ಡಾಯ ಇರುವುದು ಅಂಗಡಿಯವರಿಗೆ. ಬಿಐಎಸ್‌ನದೇ ಇನ್ನೊಂದು ಗುರುತು ಐಎಸ್‌ಐ. ಅದು ಇದ್ದರೆ ಸರ್ಕಾರ ಒಂದೊಂದು ಹೆಲ್ಮೆಟ್ಟನ್ನೂ ಬಡಿದು ನೋಡಿದೆ ಎಂದಲ್ಲ. ಕಾರ್ಖಾನೆಯ ವ್ಯವಸ್ಥೆ ಮತ್ತು ಮಾದರಿಗಳನ್ನು ನೋಡಿ ಪರವಾನಗಿ ಕೊಟ್ಟಿದೆ ಎಂದು. ಬಿಐಎಸ್ ನಮ್ಮ ತೆರಿಗೆ ತಿನ್ನುತ್ತದೆ ಎಂಬುದೂ ಅಷ್ಟು ಸರಿಯಲ್ಲ, ಅದರ ಆದಾಯದ ಬಹುಪಾಲು ಪರವಾನಗಿ ಮತ್ತು ಗುರುತಿನ ಶುಲ್ಕಗಳಿಂದ ಬರುತ್ತದೆ.

ಸರ್ಕಾರದ ಪರೀಕ್ಷೆಯನ್ನು ನಂಬದ ಇದೇ ಜನ ಇನ್ನೇನನ್ನೆಲ್ಲ ನಂಬುತ್ತಾರೆ ನೋಡಿ. ಬಂಗಾರವನ್ನು ಹಲ್ಲಿನಿಂದ ಕಚ್ಚಿ ಪರೀಕ್ಷಿಸಿ ಎಂಬ ವಿಡಿಯೊ ನಂಬುತ್ತಾರೆ. ಅಯಸ್ಕಾಂತಕ್ಕೆ ಅಂಟದಿದ್ದರೆ ಅಪ್ಪಟ ಎಂದು ನಂಬುತ್ತಾರೆ. ತಾಮ್ರ, ಬೆಳ್ಳಿ, ಹಿತ್ತಾಳೆ ಯಾವುದೂ ಅಂಟುವುದಿಲ್ಲ ಎಂಬುದು ಹೈಸ್ಕೂಲಿನಲ್ಲೇ ಮರೆತುಹೋಗಿದೆ. ತಿಂಗಳು ತಿಂಗಳು ಭಾರೀ ಲಾಭ ಕೊಡುತ್ತೇವೆ ಎಂದ ಐಎಂಎ ಎಂಬ ಕಂಪನಿಯನ್ನು ನಂಬಿ ಸಾವಿರಾರು ಮಂದಿ ರೊಕ್ಕ ಹಾಕಿದರು. 2019ರ ಜೂನ್‌ನಲ್ಲಿ ಅದರ ಮಾಲೀಕ ದೇಶ ಬಿಟ್ಟು ಓಡಿದಾಗ ಬೆಂಗಳೂರಿನ ಅದರ ಅಂಗಡಿ ಮುಂದೆ ಜನ ಸಾಲುಗಟ್ಟಿ ಅತ್ತರು. ನಮ್ಮಲ್ಲಿ ಸಂಶಯಕ್ಕೇನೂ ಕೊರತೆಯಿಲ್ಲ, ಅದನ್ನು ಖರ್ಚು ಮಾಡುವ ಜಾಗ ತಪ್ಪಿದೆ.

ಹೆಮ್ಮೆಯ ಸಂಗತಿಯಲ್ಲೂ ಹೀಗೇ. ದೇಶದ ಮೊಟ್ಟಮೊದಲ ಮಾನಕ, ಐಎಸ್ 1, ರಾಷ್ಟ್ರಧ್ವಜದ್ದು, ಬಂದದ್ದು 1951ರಲ್ಲಿ. ಆ ಮಾನಕದ ಖಾದಿ ಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಪ್ರತಿ ಆಗಸ್ಟ್‌ನಲ್ಲಿ ಇದರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಬರಹದಲ್ಲಿ ಒಂದು ಸಾಲಿರುತ್ತದೆ: ಧ್ವಜದ ಬಟ್ಟೆ ಚದರ ಅಡಿಗೆ ಸರಿಯಾಗಿ 205 ಗ್ರಾಂ ತೂಗಬೇಕು. ಹುಬ್ಬಳ್ಳಿಯವರೇ ಅದನ್ನು ಹೆಮ್ಮೆಯಿಂದ ಮುಂದೆ ಕಳಿಸುತ್ತಾರೆ. ಅತಿ ದೊಡ್ಡ ಧ್ವಜದ ಅಳತೆ 6300 × 4200 ಮಿಲಿಮೀಟರ್, ಸುಮಾರು 285 ಚದರ ಅಡಿ. ಚದರ ಅಡಿಗೆ 205 ಗ್ರಾಂ ಎಂದರೆ ಆ ಧ್ವಜ 58 ಕಿಲೊ ಆಯಿತು. ಕಂಬಕ್ಕೆ ಏರಿಸಲು ಹಮಾಲರು ಬೇಕು, ಹಾರಿಸಲು ಬಿರುಗಾಳಿ ಬೇಕು. ಅಡಿಯ ಜಾಗದಲ್ಲಿ ಮೀಟರ್ ಎಂದು ಓದಿಕೊಂಡರೆ ಐದೂವರೆ ಕಿಲೊ ಆಗುತ್ತದೆ, ಲೆಕ್ಕ ಕೂಡುತ್ತದೆ. ಬಿಐಎಸ್ ತನ್ನ ಮಾನಕಗಳನ್ನು ಈಗ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. ಇದಕ್ಕೆ 45 ರೂಪಾಯಿಯೂ ಇಲ್ಲ.